ಪದ ಬೇಕಿದೆ: ಗವಿಯ ನೆಲದಲ್ಲಿ ತುಂಬಿಕೊಂಡ ಮಣ್ಣಿಗೆ ಏನನ್ನಬೇಕು?

ಸಾಗರದಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ಇಲ್ಲಿನ ಹೈಸ್ಕೂಲೊಂದರ ವಸ್ತುಪ್ರದರ್ಶನಕ್ಕೆ, ಬೆಟ್ಟದ ಗವಿಗಳಲ್ಲಿ ಬಾಳಿದ ಆದಿಮಾನವರ ಬಗ್ಗೆ ಆರು ಬೋರ್ಡುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಐದು ಮುಗಿದಿವೆ. ಆರನೆಯದು ಮಣ್ಣಿನದು, ಅಲ್ಲೇ ನಿಂತುಹೋಗಿದ್ದೇನೆ.

ಮೂಲದಲ್ಲಿ ಸೆಡಿಮೆಂಟ್ ಅಂತಿದೆ. ಅಂದರೆ ಗವಿಯ ನೆಲದ ಮೇಲೆ ಸಾವಿರಾರು ವರ್ಷ ಬಿದ್ದು ಬಿದ್ದು ತುಂಬಿಕೊಂಡದ್ದು. ಅದರಲ್ಲಿ ಮಣ್ಣೊಂದೇ ಇಲ್ಲ. ಗಾಳಿ ತಂದ ಧೂಳು, ಚಾವಣಿಯಿಂದ ಉದುರಿದ ಕಲ್ಲು, ಒಲೆಯ ಬೂದಿ, ಬಾವಲಿಯ ಹಿಕ್ಕೆ, ಮೂಳೆ ಚೂರು ಎಲ್ಲ ಇದೆ. ಎತ್ತರದ ಬೆಟ್ಟಗಳಲ್ಲಿ ಬಂಡೆಯ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ, ಉಬ್ಬಿ, ಕಲ್ಲನ್ನೇ ಸೀಳುತ್ತದೆ. ಹಾಗಾಗಿ ಚೂಪು ಅಂಚಿನ ಕಲ್ಲು ಜಾಸ್ತಿ ಇರುವ ಪದರ ಸಿಕ್ಕಿದರೆ ಆ ಕಾಲದಲ್ಲಿ ಚಳಿ ಹೆಚ್ಚಿತ್ತೇನೋ ಅಂತ ನೋಡುತ್ತಾರೆ. ಇರಾಕಿನ ಜಾಗ್ರೋಸ್ ಬೆಟ್ಟಸಾಲಿನ ಶಾನಿದಾರ್ ಗವಿಯಲ್ಲಿ ಈ ತುಂಬು ಸುಮಾರು 14 ಮೀಟರ್ ಆಳ. ಟಿಬೆಟ್ ಪ್ರಸ್ಥಭೂಮಿಯ ಅಂಚಿನ ಬೈಶಿಯಾ ಗವಿ 3,280 ಮೀಟರ್ ಎತ್ತರದಲ್ಲಿದೆ, ಅಲ್ಲಿ ಬರೀ ಮಣ್ಣಿನಿಂದಲೇ ಡೆನಿಸೋವನ್ನರ (ಅಳಿದುಹೋದ ಒಂದು ಆದಿಮಾನವ ಬಳಗ) ಡಿಎನ್‌ಎ ತೆಗೆದದ್ದು 2020ರಲ್ಲಿ ಪ್ರಕಟವಾಯಿತು.

ನನಗೆ ಬಂದ ಕರಡಿನಲ್ಲಿ "ಗುಹಾ ನಿಕ್ಷೇಪ" ಅಂತಿದೆ. ಇದು ಆಗಬಹುದಾ? ಹೀಗೆ ಮಣ್ಣು, ಕಲ್ಲು ನೋಡಿ ಹಿಂದಿನವರ ಬದುಕು ತಿಳಿಯುವ ಶಾಸ್ತ್ರಕ್ಕೆ (ಜಿಯೋಆರ್ಕಿಯಾಲಜಿ) "ಭೂಪುರಾತತ್ತ್ವ" ಅಂದರೆ ಸಾಕಾ?

ತೀರ್ಥಹಳ್ಳಿಯಿಂದ:

ನಿಕ್ಷೇಪ ಬೇಡ. ಹೂಳು. ಮುಗೀತು.

ಶಿವಮೊಗ್ಗದಿಂದ:

ಹೂಳು ಕೆರೆಯದು, ಅಣೆಕಟ್ಟಿನದು. ನೀರು ನಿಂತಲ್ಲಿ ತಳಕ್ಕೆ ಕೂರುವುದು ಹೂಳು. ಬೂದಿಗೂ ಬಾವಲಿ ಹಿಕ್ಕೆಗೂ ಹೂಳು ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಮೆಕ್ಕಲು ಅನ್ನೋಣ ಅಂದರೆ ಅದೂ ಹೊಳೆಯದೇ. ಶಾಸ್ತ್ರದ ಮಾತಿಗೆ ಶಾಸ್ತ್ರದ ಪದವೇ ಬೇಕು. "ಅವಸಾದ" ಅಂತ ಹಾಕಿ. ಹಿಂದಿಯಲ್ಲೂ ಅದೇ ಇದೆ, ಮುಂದೆ ಓದುವ ಮಕ್ಕಳಿಗೆ ಅನುಕೂಲ.

ತೀರ್ಥಹಳ್ಳಿಯಿಂದ:

ಅವಸಾದ ಅಂದರೆ ಕನ್ನಡದಲ್ಲಿ ದಣಿವು, ಕುಗ್ಗುವುದು. ಬೋರ್ಡು ಓದಿದ ಹುಡುಗ ಗವಿಗೆ ಬೇಜಾರಾಗಿದೆ ಅಂದುಕೊಳ್ಳಬೇಕಾ? ಹಿಂದಿಯವರಿಗೆ ಅದು ಇರಲಿ, ನಮಗೆ ಬೇಡ.

ಹೂಳು ಮೊದಲು ಕ್ರಿಯೆ, ಆಮೇಲೆ ನಾಮಪದ. ಹಳಗನ್ನಡದಲ್ಲಿ ಪೂೞ್. ಹೆಣ ಹೂಳುತ್ತೇವೆ, ಅಲ್ಲಿ ನೀರು ಎಲ್ಲಿದೆ? ಯಾವುದು ಹೂಳುತ್ತದೋ ಅದು ಹೂಳು. ಕೆರೆಯ ಹೂಳಿಗೆ ಆ ಹೆಸರು ಬಂದದ್ದೂ ಅದು ಕೆರೆಯನ್ನು ಹೂಳುತ್ತದೆ ಅನ್ನುವುದಕ್ಕೇ. ಶಾನಿದಾರ್ ಗವಿಯಲ್ಲಿದ್ದ ನಿಯಾಂಡರ್ತಾಲ್ ಎಂಬ ಆದಿಮಾನವರಲ್ಲಿ ಕೆಲವರು ಚಾವಣಿ ಕಲ್ಲು ಬಿದ್ದು ಸತ್ತರು ಅನ್ನುತ್ತಾರೆ. ಅವರನ್ನು ಹೂಳಿದ್ದೇ ಆ ಹೂಳು. ಇದಕ್ಕಿಂತ ಸರಿಯಾದ ಪದ ಎಲ್ಲಿಂದ ತರುತ್ತೀರಿ?

ಇನ್ನು ನಿಕ್ಷೇಪ. ಕೆಳದಿ ಅರಸರ ದಾನಪತ್ರಗಳನ್ನು ಓದಿದವರಿಗೆ ಅಷ್ಟಭೋಗ, ಅಂದರೆ ಭೂಮಿಯ ಜೊತೆ ಕೊಡುವ ಎಂಟು ಹಕ್ಕು, ಗೊತ್ತಿರುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ನಿಧಿಯ ಪಕ್ಕದಲ್ಲೇ ಕೂತಿದೆ ನಿಕ್ಷೇಪ. ನಮ್ಮ ಕಡೆ ಇವತ್ತಿಗೂ ನಿಕ್ಷೇಪ ಅಂದರೆ ಕೊಪ್ಪರಿಗೆಯಲ್ಲಿ ಹುಗಿದಿಟ್ಟ ಚಿನ್ನ ಅಂತಲೇ ಅರ್ಥ. ನಾನು ಸಣ್ಣವನಿದ್ದಾಗ ನಮ್ಮ ತೋಟದ ಮೇಲಿನ ಕಾನಿನಲ್ಲಿ ಒಂದು ಗವಿ ಇತ್ತು. ಯಾರೋ ನಿಕ್ಷೇಪ ಇದೆ ಅಂತ ಸುದ್ದಿ ಹಬ್ಬಿಸಿದರು. ಒಂದು ರಾತ್ರಿ ಬಂದು ಗುದ್ದಲಿ ಹಾಕಿ ನೆಲವನ್ನೆಲ್ಲ ಬಗೆದು ಹೊರಗೆ ಚೆಲ್ಲಿ ಹೋದರು. ಬೆಳಗ್ಗೆ ಅಪ್ಪನ ಜೊತೆ ಹೋಗಿ ನೋಡಿದರೆ ಕರಿ ಮಣ್ಣು, ಕೆಂಪು ಮಣ್ಣು, ಇದ್ದಿಲು ಎಲ್ಲ ಒಂದೇ ಗುಡ್ಡೆ. ಅದರಲ್ಲಿ ಏನಿತ್ತು, ಯಾವ ಕಾಲದ್ದು, ಇನ್ನು ಯಾರೂ ಹೇಳಲಾರರು. ಪದರ ಕಲಸಿದ ಮೇಲೆ ಅದು ಬರೀ ಮಣ್ಣು. ಈ ಶಾಸ್ತ್ರದವರು ಪದರ ಅಲುಗದ ಹಾಗೆ ಒಂದು ಹೆಂಟೆಯನ್ನೇ ಕೊಯ್ದು, ರಾಳ ಕುಡಿಸಿ ಗಟ್ಟಿ ಮಾಡಿ, 0.03 ಮಿಲಿಮೀಟರ್ ತೆಳ್ಳಗೆ ಸವೆಸಿ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡುತ್ತಾರೆ. ಅಂಥದ್ದನ್ನು ಮಕ್ಕಳಿಗೆ ಹೇಳುವ ಬೋರ್ಡಿನಲ್ಲಿ ನಿಕ್ಷೇಪ ಅಂತ ಬರೆಯಬೇಡಿ, ಕೈ ಮುಗಿಯುತ್ತೇನೆ.

ಶಿಕಾರಿಪುರದಿಂದ:

ಗುಹೆ ತೆಗೆದು ಗವಿ ಅಂತಲೇ ಇಡಿ. ಕರ್ನೂಲು ಸೀಮೆಯಲ್ಲಿ ಹಳೆಯ ಶಿಲಾಯುಗದ ಮೂಳೆ ಆಯುಧ ಸಿಕ್ಕ ಜಾಗದ ಹೆಸರೇ ಮುಚ್ಚಟ್ಲ ಚಿಂತಮಾನು ಗವಿ. ತೆಲುಗರಿಗೂ ನಮಗೂ ಒಂದೇ ಪದ. ನಮ್ಮ ಬಳ್ಳಿಗಾವಿಯ ಹೆಸರಲ್ಲೂ ಗವಿಯೇ ಇರುವುದು, ಬೆಳಗಾವಿಯ ಹೆಸರಲ್ಲೂ ಅಷ್ಟೇ.

ತೀರ್ಥಹಳ್ಳಿಯಿಂದ:

ಇಲ್ಲ. ಶಾಸನಗಳಲ್ಲಿ ಬಳ್ಳಿಗಾವೆ, ಬಳ್ಳಿಗ್ರಾಮೆ. ಬೆಳಗಾವಿ ವೇಣುಗ್ರಾಮ. ಎರಡೂ ಗ್ರಾಮದ ಕಡೆಯವು, ಗವಿಗೆ ಸಂಬಂಧವಿಲ್ಲ. ಕರ್ನೂಲಿನ ಮಾತು ಒಪ್ಪಿದೆ.

ಹೊಸನಗರದಿಂದ:

ನಾನು ವಿಜ್ಞಾನದ ಮೇಷ್ಟ್ರು. ಸೆಡಿಮೆಂಟ್ ಅಂತಲೇ ಬರೆಯಿರಿ. ಬಸ್ಸು, ಕರೆಂಟು, ಮೋಟಾರು ಬಂದಾಗ ಯಾರೂ ಸಭೆ ಸೇರಿಸಲಿಲ್ಲ. ಪುರಾತತ್ತ್ವವೂ ಸಾಲ ತಂದ ಪದವೇ, ಗುಹೆಯೂ ಸಾಲ ತಂದ ಪದವೇ. ಸಂಸ್ಕೃತದಿಂದ ತಂದರೆ ಮನೆಯದ್ದು, ಇಂಗ್ಲಿಷಿನಿಂದ ತಂದರೆ ಹೊರಗಿನದ್ದು ಅನ್ನುವ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ತೀರ್ಥಹಳ್ಳಿಯಿಂದ:

ಮೇಷ್ಟ್ರೇ, ಸಾಲ ಬೇಡ ಅಂದವರು ಯಾರು? ಮನೆಯಲ್ಲಿ ಇಲ್ಲದ್ದನ್ನು ತನ್ನಿ. ಬಸ್ಸು ಇರಲಿಲ್ಲ, ತಂದೆವು. ಮಣ್ಣಿನ ಮಾತು ನಮ್ಮಲ್ಲಿ ಇಲ್ಲವಾ? ಗೋಡು, ಮೆಕ್ಕಲು, ಹೂಳು, ಗಸಿ, ಮಡ್ಡಿ. ಕೆರೆಯ ಗೋಡು ಹೊತ್ತು ತೋಟಕ್ಕೆ ಹಾಕಿದವರ ಮಕ್ಕಳಿಗೆ ಸೆಡಿಮೆಂಟ್ ಅಂತ ಹೇಳಿಕೊಡುವುದು ನನಗೆ ಸಂಕಟದ ವಿಷಯ. ನಿಮ್ಮದೇ ಪಠ್ಯದಲ್ಲಿ ಸೆಡಿಮೆಂಟರಿ ಕಲ್ಲಿಗೆ ಪದರುಶಿಲೆ ಅಂತ ಇದೆಯಲ್ಲ. ಅದನ್ನು ಕಟ್ಟಿದವರು ಸುಮ್ನೆ ಕಟ್ಟಲಿಲ್ಲ.

ಶಿವಮೊಗ್ಗದಿಂದ:

ಹೂಳು ಅಂತಲೇ ಹಾಕುವುದಾದರೆ ಏನೇನು ಸೇರಿ ಆದದ್ದು ಅಂತ ಕೆಳಗೆ ಒಂದು ಸಾಲು ಬರೆಯಿರಿ. ಇಲ್ಲದಿದ್ದರೆ ಮಕ್ಕಳು ಕೆರೆ ಅಂದುಕೊಳ್ಳುವುದು ಖಂಡಿತ. ಅವಸಾದದ ಮಾತು ವಾಪಸ್ ತೆಗೆದುಕೊಂಡಿಲ್ಲ.

ಸಾಗರದಿಂದ:

ಎಲ್ಲರಿಗೂ ಧನ್ಯವಾದ. ನಿಕ್ಷೇಪ ತೆಗೆದಿದ್ದೇನೆ, ಶಿವಮೊಗ್ಗದವರು ಹೇಳಿದ ಸಾಲನ್ನೂ ಸೇರಿಸಿದ್ದೇನೆ. ಅಗೆದ ಗುಂಡಿಯ ಪಕ್ಕದ ಮಣ್ಣಿನ ಗೋಡೆಗೆ "ಧರೆ" ಅಂತಲೇ ಇಟ್ಟೆ. ರಸ್ತೆ ಕಡಿದಲ್ಲೆಲ್ಲ ಧರೆ ನೋಡಿಯೇ ನಮ್ಮ ಮಕ್ಕಳು ಶಾಲೆಗೆ ಬರುವುದು. ಭೂಪುರಾತತ್ತ್ವ ಶೀರ್ಷಿಕೆಯಲ್ಲಿ ಒಂದೇ ಕಡೆ ಉಳಿದಿದೆ. ಬೋರ್ಡಿಗೆ ಹೋಗುವುದು ಇದು:

"ಗವಿಯ ಹೂಳು ಅಂದರೆ ಧೂಳು, ಬೂದಿ, ಹಿಕ್ಕೆ, ಮೂಳೆ, ಉದುರಿದ ಕಲ್ಲು ಪದರ ಪದರವಾಗಿ ಕೂತದ್ದು. ಧರೆಯಲ್ಲಿ ಆ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಒಮ್ಮೆ ಕಲಸಿದರೆ ಮತ್ತೆ ಓದಲು ಆಗುವುದಿಲ್ಲ."

ಕಾಗುಣಿತದ ತಪ್ಪಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ.