ಸ್ಲೈಪ್ನರ್ ದತ್ತಾಂಶದಲ್ಲಿ ಇರಬಾರದ ಸ್ತರಭಂಗಗಳು ಕಾಣುತ್ತಿವೆ, ಪರಿಹಾರ ತಿಳಿಸಿ

ಸುರತ್ಕಲ್ ಕಂಪನ:
ಎಲ್ಲರಿಗೂ ನಮಸ್ಕಾರ. ಉತ್ತರ ಸಮುದ್ರದಲ್ಲಿ ನಾರ್ವೆಗೆ ಸೇರಿದ ಸ್ಲೈಪ್ನರ್ ಕ್ಷೇತ್ರದ ಸಾರ್ವಜನಿಕ ಸೈಸ್ಮಿಕ್ (ನೆಲದೊಳಗೆ ಕಳಿಸಿದ ತರಂಗಗಳ ಪ್ರತಿಧ್ವನಿಯ) ದತ್ತಾಂಶವನ್ನು ಓಪನ್‌ಡಿಟೆಕ್ಟ್ ತಂತ್ರಾಂಶದಲ್ಲಿ ತೆರೆದು, ಯುಟ್ಸಿರಾ ಮರಳುಗಲ್ಲಿನ ತಳದಲ್ಲಿ ಸ್ತರಭಂಗ (ಶಿಲಾಸ್ತರ ಮುರಿದು ಜಾರಿದ ಜಾಗ) ಹುಡುಕಲು ಸಿಮಿಲಾರಿಟಿ (ಪಕ್ಕಪಕ್ಕದ ಪ್ರತಿಧ್ವನಿಗಳು ಎಷ್ಟು ಹೋಲುತ್ತವೆ ಎಂಬ ಅಳತೆ) ಲೆಕ್ಕ ಹಾಕಿಸುತ್ತಿದ್ದೇನೆ. ತಳದ ಪ್ರತಿಫಲಕವು ಮಧ್ಯದಲ್ಲಿ ಕುಸಿದಂತಿದ್ದು, ಕುಸಿತದ ಅಂಚಿನುದ್ದಕ್ಕೂ ಕಪ್ಪು ಗೆರೆ ಬರುತ್ತದೆ. ನೆಲದೊಳಗೆ ಸಂಗ್ರಹಿಸಿಡಲೆಂದು 1996ರಿಂದ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿಸುತ್ತಿರುವ ಜಾಗದಲ್ಲಿ ಇಂಥ ಸ್ತರಭಂಗವಿದ್ದರೆ ಯಾರೂ ಬರೆಯದೆ ಬಿಡುತ್ತಿರಲಿಲ್ಲ. ಟೈಮ್ ಗೇಟ್ (ಹೋಲಿಸುವ ಸಮಯದ ಕಿಟಕಿ) ಹಿಗ್ಗಿಸಿದರೂ ಕುಗ್ಗಿಸಿದರೂ ಗೆರೆ ಹೋಗುವುದಿಲ್ಲ. ತಲೆ ಕೆಟ್ಟುಹೋಗಿದೆ.

ಮಲ್ಪೆ ಅಲೆ:
ಸ್ಟೀರಿಂಗ್ (ಸ್ತರದ ಓರೆಯನ್ನು ಅನುಸರಿಸಿ ಹೋಲಿಸುವ ವಿಧಾನ) ಇಲ್ಲದೆ ಸಿಮಿಲಾರಿಟಿ ಲೆಕ್ಕ ಹಾಕಿದರೆ ಓರೆಯಾಗಿರುವ ಸ್ತರವೂ ಮುರಿದಂತೆಯೇ ತೋರುತ್ತದೆ. ಮೊದಲು ಪ್ರತಿ ಬಿಂದುವಿನ ಓರೆಯನ್ನು ದಾಖಲಿಸುವ ಸ್ಟೀರಿಂಗ್ ಕ್ಯೂಬ್ ಮಾಡಿಕೊಳ್ಳಿ. ನನ್ನ 128 ಜಿಬಿ ಮೆಮೊರಿಯ ಯಂತ್ರದಲ್ಲಿ ಅದು ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಆಗುತ್ತದೆ.

ಸುರತ್ಕಲ್ ಕಂಪನ:
ಸ್ಟೀರಿಂಗ್ ಹಾಕಿಯೇ ಮಾಡಿದ್ದು. ಗೆರೆ ಇನ್ನಷ್ಟು ಸ್ಪಷ್ಟವಾಯಿತು.

ಮಲ್ಪೆ ಅಲೆ:
ಹಾಗಾದರೆ ಗದ್ದಲ ಅಳಿಸುವ ಮೀಡಿಯನ್ ಫಿಲ್ಟರ್‌ನ ವ್ಯಾಪ್ತಿ ಸಾಲದು. ಅದನ್ನು ದೊಡ್ಡದು ಮಾಡಿ, ಮತ್ತೆ ಓಡಿಸಿ ನೋಡಿ.

ಕಾಪು ಕಲ್ಲು:
ನಾರ್ವೆಯವರೆಗೆ ಏಕೆ ಹೋಗಬೇಕು? ನಮ್ಮ ಪಾದೂರಿನಲ್ಲಿ ಕಚ್ಚಾತೈಲಕ್ಕೆ ಕೊರೆದ ಗುಹೆಗಳಿವೆಯಲ್ಲ, ಅಂಥದ್ದರಲ್ಲಿಯೇ ಅನಿಲ ತುಂಬಿಸಿದರಾಗದೇ?

ಮಲ್ಪೆ ಅಲೆ:
ಆಗುವುದಿಲ್ಲ ಮಾರಾಯ್ರೇ. ಪಾದೂರಿನದು ಗಟ್ಟಿ ಬಂಡೆಯಲ್ಲಿ ಕೊರೆದ ಪೊಳ್ಳು. ಸುತ್ತಲಿನ ಅಂತರ್ಜಲದ ಒತ್ತಡವೇ ಅಲ್ಲಿ ತೈಲವನ್ನು ಹಿಡಿದಿಡುತ್ತದೆ, ಮತ್ತು ಅದರ ಸಾಮರ್ಥ್ಯ 25 ಲಕ್ಷ ಟನ್. ಸ್ಲೈಪ್ನರ್‌ನಲ್ಲಿ ವರ್ಷವೊಂದಕ್ಕೇ ಹತ್ತಿರ ಹತ್ತಿರ 10 ಲಕ್ಷ ಟನ್ ಒಳಗೆ ಹೋಗುತ್ತಿತ್ತು. ಅದಕ್ಕೆ ಸುಮಾರು 800 ಮೀಟರಿಗಿಂತ ಆಳದಲ್ಲಿ, ರಂಧ್ರಗಳಲ್ಲಿ ಉಪ್ಪುನೀರು ತುಂಬಿರುವ ಮರಳುಗಲ್ಲು ಬೇಕು, ಮೇಲೆ ಜೇಡುಗಲ್ಲಿನ ಮುಚ್ಚಳ ಬೇಕು.

ಕದ್ರಿ ಗುಡ್ಡ:
ಸುರತ್ಕಲ್‌ನವರೇ, ತಾವು ತೆರೆದಿರುವುದು ಯಾವ ವರ್ಷದ ಸರ್ವೇ? ದತ್ತಾಂಶ ಪ್ರತಿಧ್ವನಿ ಬಂದ ಸಮಯದ ಅಳತೆಯಲ್ಲಿದೆಯೋ, ಆಳಕ್ಕೆ ಪರಿವರ್ತಿಸಿದ್ದೋ? ಇಷ್ಟು ಹೊತ್ತು ಇದನ್ನು ಯಾರೂ ಕೇಳದಿರುವುದು ಆಶ್ಚರ್ಯ.

ಸುರತ್ಕಲ್ ಕಂಪನ:
2010ರದು, ಸಮಯದ ಅಳತೆಯಲ್ಲಿದೆ. ಹೊಸತೇ ಉತ್ತಮವಲ್ಲವೇ?

ಕದ್ರಿ ಗುಡ್ಡ:
ಸ್ತರಭಂಗ ಹುಡುಕಲು ಅಲ್ಲ. ಉಪ್ಪುನೀರು ತುಂಬಿದ ಯುಟ್ಸಿರಾ ಮರಳಿನಲ್ಲಿ ತರಂಗವು ಸೆಕೆಂಡಿಗೆ ಸುಮಾರು 2050 ಮೀಟರ್ ವೇಗದಲ್ಲಿ ಸಾಗಿದರೆ, ನೀರಿನ ಜಾಗವನ್ನು ಅನಿಲ ಹಿಡಿದ ಮೇಲೆ ಅದು ಸುಮಾರು 1450ಕ್ಕೆ ಇಳಿಯುತ್ತದೆ. ಅಂಥ 10 ಮೀಟರ್ ದಪ್ಪದ ಪದರವನ್ನು ದಾಟಿ ಹಿಂತಿರುಗುವ ತರಂಗ ಹೆಚ್ಚುಕಡಿಮೆ 4 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಸ್ಲೈಪ್ನರ್‌ನಲ್ಲಿ ಅಂಥ ಪದರಗಳು ಒಂದರ ಮೇಲೊಂದು 9 ಇರುವುದರಿಂದ ತಡವೂ ಕೂಡುತ್ತಾ ಹೋಗುತ್ತದೆ. ತಳದ ಸ್ತರ ಇದ್ದಲ್ಲಿಯೇ ಇದೆ, ಅದರ ಪ್ರತಿಧ್ವನಿ ಮಾತ್ರ ತಡವಾಗಿದೆ. ಅನಿಲ ಹರಡಿರುವ ಪ್ರದೇಶದ ಅಂಚಿನಲ್ಲಿ ಈ ತಡ ಇದ್ದಕ್ಕಿದ್ದಂತೆ ನಿಲ್ಲುವುದರಿಂದ ಅಲ್ಲಿ ಸ್ತರ ಜಾರಿದಂತೆ ತೋರುತ್ತದೆ. 1994ರದು ಅನಿಲ ತುಂಬಿಸುವ ಮೊದಲು ಮಾಡಿದ ಸರ್ವೇ. ಅದರಲ್ಲಿ ಅದೇ ಲೆಕ್ಕ ಹಾಕಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಮಲ್ಪೆ ಅಲೆ:
ಇದು ಸರಿಯಿರಬಹುದು, ಆದರೂ ಫಿಲ್ಟರ್ ಬದಲಿಸಿ ನೋಡುವುದರಲ್ಲಿ ತಪ್ಪೇನು?

ಕದ್ರಿ ಗುಡ್ಡ:
ಫಿಲ್ಟರ್ ಗದ್ದಲವನ್ನು ತೆಗೆಯುತ್ತದೆ. ಇದು ಗದ್ದಲವಲ್ಲ, ನಿಜವಾದ ತಡ. ಅದನ್ನು ಒರೆಸಿ ಹಾಕಿದರೆ ಅನಿಲ ಎಲ್ಲಿದೆ ಎಂಬ ಸುಳಿವೇ ಹೋಗುತ್ತದೆ.

ಸುರತ್ಕಲ್ ಕಂಪನ:
1994ರದರಲ್ಲಿ ಮಧ್ಯದ ಗೆರೆಗಳು ಒಂದೂ ಇಲ್ಲ. ಆದರೆ ಮೂಲೆಯಲ್ಲಿ, ಅನಿಲ ತಲುಪದ ಕಡೆ, ಒಂದು ನೇರ ಗೆರೆ ಎರಡೂ ವರ್ಷ ಕಾಣುತ್ತದೆ. ಅಂದರೆ ಅದನ್ನು ಬಿಟ್ಟು ಉಳಿದದ್ದೆಲ್ಲ ಸುರಕ್ಷಿತ ಎಂದು ಬರೆಯಬಹುದೇ?

ಕದ್ರಿ ಗುಡ್ಡ:
ಹಾಗೆ ಬರೆಯಬೇಡಿ. 40 ಹರ್ಟ್ಸ್ ಆವರ್ತನ ಹಿಡಿದರೆ ತರಂಗಾಂತರವೇ 50 ಮೀಟರಿನಷ್ಟಾಗುತ್ತದೆ. ಅದರ ಕಾಲುಭಾಗಕ್ಕಿಂತ ಕಡಿಮೆ ಜಾರಿದ ಸ್ತರಭಂಗ ಇದ್ದರೂ ಸ್ಪಷ್ಟವಾಗಿ ಕಾಣದು. ಸುರಕ್ಷತೆಯ ಮಾತು ಬಂದರೆ ರಂಧ್ರಗಳೊಳಗಿನ ಒತ್ತಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಲ್ಜೀರಿಯಾದ ಇನ್ ಸಲಾಹ್‌ನಲ್ಲಿ ಒತ್ತಡದಿಂದ ನೆಲ ಉಬ್ಬಿದ್ದನ್ನು ಉಪಗ್ರಹದ ರಾಡಾರ್ ಹಿಡಿದಿತ್ತು. 2011ರಲ್ಲಿ ಅಲ್ಲಿ ಅನಿಲ ತುಂಬಿಸುವುದನ್ನೇ ನಿಲ್ಲಿಸಿದರು. ಮೂಲೆಯ ಗೆರೆ ಸರ್ವೇ ಹಡಗು ಸಾಗಿದ ದಿಕ್ಕಿಗೆ ಸಮಾನಾಂತರವಾಗಿದೆಯೇ ನೋಡಿ. ಆಗಿದ್ದರೆ ಅದು ಸರ್ವೇಯದೇ ಗುರುತಿರಬಹುದು.

ಮಲ್ಪೆ ಅಲೆ:
ಆ ಗೆರೆಗಾದರೂ ಫಿಲ್ಟರ್ ಬೇಕೇ ಬೇಕು.

ಸುರತ್ಕಲ್ ಕಂಪನ:
ಇನ್‌ಲೈನ್ (ಹಡಗು ಸಾಗಿದ) ದಿಕ್ಕಿಗೆ ಹೋಲಿಸಿದೆ. ಹತ್ತಿರ ಇದೆ, ಆದರೆ ಪೂರ್ತಿ ಸಮಾನಾಂತರವಲ್ಲ. ಚಿತ್ರ ಹಾಕಿದ್ದೇನೆ, ದಯವಿಟ್ಟು ನೋಡಿ.