ಅಪ್‌ಡೇಟ್: ಮರ ಕಪಾತಿನ ಗುತ್ತಿಗೆದಾರರು ಸರಿಯಾದ ವಿಮಾ ಪತ್ರ ತಂದರು

ಸಿದ್ದಾಪುರದ ಬಳಿಯ ನಮ್ಮ ಕಾಫಿ ತೋಟದಲ್ಲಿ ಮರ ಕಪಾತು (ಕೊಂಬೆ ಸವರುವ ಕೆಲಸ) ಮಾಡಿಸಲು ಒಪ್ಪಿಕೊಂಡ ಗುತ್ತಿಗೆದಾರರಿಂದ ಕಾರ್ಮಿಕರ ಪರಿಹಾರ ವಿಮೆಯ ದಾಖಲೆ ಕೇಳಬಹುದೇ, ಅವರು ಬೇಸರಪಟ್ಟುಕೊಳ್ಳುವರೇ ಎಂದು ಹಿಂದೆ ಕೇಳಿದ್ದೆ. ಕೇಳಲೇಬೇಕು ಎಂದು ಧೈರ್ಯ ತುಂಬಿದ ಎಲ್ಲರಿಗೂ ಕೃತಜ್ಞತೆಗಳು.

ಅವರು ಮೊದಲು ಮೊಬೈಲಿನಲ್ಲಿ ತೋರಿಸಿದ್ದು ತಮ್ಮದೇ ಹೆಸರಿನ ವೈಯಕ್ತಿಕ ಅಪಘಾತ ವಿಮೆ. ಸಿಲ್ವರ್ ಓಕ್ ಏರುವ ಹುಡುಗನಿಗೆ ಅದರಿಂದ ಒಂದು ರೂಪಾಯಿಯೂ ಸಿಗದು. ಆಮೇಲೆ ತಂದ ಪಾಲಿಸಿ ಕಾರ್ಮಿಕರದ್ದೇ, ಅವಧಿಯೂ ಮುಗಿದಿರಲಿಲ್ಲ. ಆದರೆ ಕೆಲಸದ ವಿವರದಲ್ಲಿ ‘ಕಟ್ಟಡ ನಿರ್ಮಾಣ’ ಎಂದಿತ್ತು, ನಮೂದಾದ ಆಳುಗಳ ಸಂಖ್ಯೆ ನಮ್ಮ ತೋಟಕ್ಕೆ ಬರುವವರಿಗಿಂತ ಕಡಿಮೆ. ಈ ವಿಮೆ ನಿಂತಿರುವುದೇ ಘೋಷಿಸಿದ ಕೆಲಸ, ಜನ ಮತ್ತು ಕೂಲಿಯ ಮೇಲೆ. ಪಾಲಿಸಿ ಸಂಖ್ಯೆ ಹಿಡಿದು ವಿಮಾ ಕಂಪನಿಯಲ್ಲಿ ವಿಚಾರಿಸಿದಾಗ ಅವರೂ ಅದನ್ನೇ ಹೇಳಿದರು.

ಗುತ್ತಿಗೆದಾರರ ಆಳು ಬಿದ್ದರೆ ತೋಟದವರಿಗೇನು ಎಂದು ನೆರೆಯವರೊಬ್ಬರು ಕೇಳಿದರು. ಹಳೆಯ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ 12ನೇ ಕಲಂ ಪ್ರಕಾರವೇ ಕೆಲಸ ಮಾಡಿಸುವ ಮಾಲೀಕನಿಂದ ಪರಿಹಾರ ಕೇಳಬಹುದಿತ್ತು. ಕೊಟ್ಟ ಹಣವನ್ನು ಗುತ್ತಿಗೆದಾರರಿಂದ ವಸೂಲು ಮಾಡುವ ಹೊಣೆ ಮಾಲೀಕನದು. ಅವರ ಕೈಯಲ್ಲಿ ಹಣವಿಲ್ಲದಿದ್ದರೆ ವಸೂಲಾಗುವುದೆಲ್ಲಿಂದ? ಅದಕ್ಕಿಂತ ನನ್ನನ್ನು ಕಾಡಿದ್ದು, ತೋಟದ ಮೇಲೆ ಹಾದುಹೋಗುವ ವಿದ್ಯುತ್ ತಂತಿಗೆ ಅಲ್ಯೂಮಿನಿಯಂ ಏಣಿ ತಗುಲಿದರೆ ಮರ ಏರಿದ ಆಳಿನ ಮನೆಯವರ ಗತಿ.

ಗುತ್ತಿಗೆದಾರರು ಮುನಿಸಿಕೊಳ್ಳಲಿಲ್ಲ. ಮರ ಏರುವ ಕೆಲಸವನ್ನೂ ಪೂರ್ತಿ ತಂಡವನ್ನೂ ಸೇರಿಸಿ ಹೊಸ ಪಾಲಿಸಿ ಮಾಡಿಸಿದರು. ಹೆಚ್ಚುವರಿ ಪ್ರೀಮಿಯಂನ ಒಂದು ಪಾಲನ್ನು ನಾನು ಸಂತೋಷದಿಂದ ಕೊಟ್ಟೆ. ಪ್ರತಿ ನನ್ನ ಬಳಿ ಇದೆ. ಸೋಮವಾರ ಕಪಾತು ಆರಂಭ.