ಓದುಗರ ಸ್ಪಂದನ: ಕೂಲಿ ಏರಿಸಲೇ, ಯಂತ್ರ ತರಲೇ?

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯ ಘಟಕ ನಡೆಸುತ್ತಿರುವ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಇಕ್ಕಟ್ಟನ್ನು ಹೇಳಿಕೊಂಡಿದ್ದರು. ಪತಿ ತೀರಿಕೊಂಡ ಮೇಲೆ ಅವರ ಹೆಗಲಿಗೆ ಬಂದ ಘಟಕದಲ್ಲಿ 22 ಮಂದಿ ದುಡಿಯುತ್ತಿದ್ದಾರೆ. ಅವರಲ್ಲಿ 17 ಮಂದಿ ಹೆಂಗಸರು. ತಾವು ಕೊಡುತ್ತಿರುವ ದಿನಗೂಲಿ ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆ ಎಂಬುದನ್ನು ಅವರು ಮುಚ್ಚಿಟ್ಟಿರಲಿಲ್ಲ. ಕೂಲಿ ಏರಿಸಿದರೆ ಘಟಕ ಉಳಿಯುವುದೋ ಇಲ್ಲವೋ ಎಂಬ ಭಯ ಒಂದು ಕಡೆ, ಸ್ವಯಂಚಾಲಿತ ಯಂತ್ರ ತಂದರೆ 14 ಮಂದಿಯನ್ನು ಮನೆಗೆ ಕಳಿಸಬೇಕಾದೀತೆಂಬ ಸಂಕಟ ಇನ್ನೊಂದು ಕಡೆ. 19 ವರ್ಷದಿಂದ ಬೇಸಿನ್ ಮುಂದೆ ಕುಳಿತಿರುವ ಹೆಂಗಸಿಗೆ ಏನೆಂದು ಹೇಳಲಿ ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಕೊಟ್ಟಿದ್ದೇವೆ. ಬರೆದವರ ಹೆಸರುಗಳನ್ನು ಅವರ ಇಚ್ಛೆಯಂತೆ ಪ್ರಕಟಿಸಿಲ್ಲ.

ಆ ಪತ್ರ ಓದಿದ ಮೇಲೆ ನಾಲ್ಕು ದಿನ ನನಗೆ ಬೇರೇನೂ ಓದಲಾಗಲಿಲ್ಲ. ನನ್ನ ತಾಯಿ ಶಿಡ್ಲಘಟ್ಟದ ಒಂದು ಘಟಕದಲ್ಲಿ 23 ವರ್ಷ ನೂಲು ಬಿಚ್ಚಿದವಳು. ಬೇಯಿಸಿದ ಗೂಡುಗಳು ಬೇಸಿನ್ನಿನ ಬಿಸಿನೀರಿನಲ್ಲಿ ತೇಲುತ್ತಿರುತ್ತವೆ. ಎಂಟು ಹತ್ತು ಗೂಡುಗಳ ಎಳೆ ಕೂಡಿ ಒಂದು ದಾರವಾಗುತ್ತದೆ. ಅದರಲ್ಲಿ ಒಂದು ಗೂಡು ಮುಗಿದರೆ ಅಥವಾ ಎಳೆ ಕಡಿದರೆ ಇನ್ನೊಂದರ ತುದಿ ಹುಡುಕಿ, ಓಡುತ್ತಿರುವ ದಾರಕ್ಕೆ ಬೆರಳಿನಿಂದಲೇ ಹಚ್ಚಬೇಕು. ಕಣ್ಣು ಒಂದು ಗಳಿಗೆ ಆಚೀಚೆಯಾದರೆ ದಾರ ತೆಳ್ಳಗಾಗುತ್ತದೆ, ದಾರ ತೆಳ್ಳಗಾದರೆ ಬೈಗುಳ ಬೀಳುತ್ತದೆ. ಸಂಜೆ ಮನೆಗೆ ಬರುವ ಹೊತ್ತಿಗೆ ಅವಳ ಬೆರಳ ತುದಿಗಳು ನೆನೆದ ಅವಲಕ್ಕಿಯ ಹಾಗೆ ಬೆಳ್ಳಗೆ ಸುಕ್ಕುಗಟ್ಟಿ, ಉಗುರಿನ ಸಂದಿನಲ್ಲಿ ಚರ್ಮ ಬಿರಿದಿರುತ್ತಿತ್ತು. ಸಾರಿನ ಖಾರ ತಾಗಿದರೆ ಉರಿ. ಆದ್ದರಿಂದ ನಾನು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಅವಳ ಬಾಯಿಗೆ ಇಡುತ್ತಿದ್ದೆ. ಐದನೇ ತರಗತಿಯಿಂದ ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ರಾತ್ರಿಯ ಆ ಕೆಲಸ ನನ್ನದಾಗಿತ್ತು. ಹುಳು ಬೆಂದ ವಾಸನೆ ಅವಳ ಸೀರೆಯಿಂದ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ನನ್ನ ಪಕ್ಕ ಕೂರಲು ಹಿಂಜರಿದವರು ಇದ್ದರು.

ಪ್ರತಿ ವರ್ಷ ಯುಗಾದಿ ಹತ್ತಿರ ಬಂದಾಗ ಹೆಂಗಸರೆಲ್ಲ ಸೇರಿ ಕೂಲಿ ಕೇಳುತ್ತಿದ್ದರು. ಮಾಲೀಕರು ಪ್ರತಿ ವರ್ಷವೂ ಒಂದೇ ಉತ್ತರ ಕೊಡುತ್ತಿದ್ದರು: "ಹೆಚ್ಚು ಕೇಳಿದರೆ ಯಂತ್ರ ತರಿಸಿಬಿಡುತ್ತೇನೆ, ಆಮೇಲೆ ಇದೂ ಇರುವುದಿಲ್ಲ." ಆ ಮಾತಿಗೆ ಹೆದರಿ ಅವರು ಹನ್ನೊಂದು ವರ್ಷ ಕಡಿಮೆ ಕೂಲಿಗೇ ಕುಳಿತರು. ಕೊನೆಗೆ ಯಂತ್ರ ಬಂದೇ ಬಂತು. ಕೂಲಿ ಏರಿದ್ದರಿಂದ ಬಂದದ್ದಲ್ಲ, ಏಕೆಂದರೆ ಕೂಲಿ ಏರಿರಲೇ ಇಲ್ಲ. ಸಹಾಯಧನ ಸಿಕ್ಕಿತು, ಬ್ಯಾಂಕಿನ ಸಾಲ ಸಿಕ್ಕಿತು, ಬಂತು. ಒಂದು ಶನಿವಾರ ಬಟವಾಡೆಯ ಹೊತ್ತಿನಲ್ಲಿ ಮುಂಗಡದ ಬಾಕಿ ಮುರಿದುಕೊಂಡು, ಉಳಿದ ದುಡ್ಡು ಕೈಗಿಟ್ಟು, ಸೋಮವಾರದಿಂದ ಬರುವುದು ಬೇಡ ಎಂದರು. ಅಮ್ಮ ಸೋಮವಾರವೂ ಬುತ್ತಿ ಕಟ್ಟಿಕೊಂಡು ಹೋದಳು. ಗೇಟಿನ ಹೊರಗೆ ಮಧ್ಯಾಹ್ನದವರೆಗೆ ನಿಂತಿದ್ದು, ಬುತ್ತಿ ಬಿಚ್ಚದೆ ವಾಪಸು ಬಂದಳು. ಅಂದು ಅವಳು ನನಗೆ ಹೇಳಿದ್ದು ಇಷ್ಟೇ: "ಆ ಯಂತ್ರವೂ ಎಳೆಯ ತುದಿ ಹುಡುಕುತ್ತದಂತೆ. ಹೇಗೆ ಹುಡುಕುತ್ತದೆ ಅಂತ ನನಗೂ ಒಂದು ಸಲ ತೋರಿಸಬಹುದಿತ್ತು."

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಆ ಬಿಸಿನೀರಿನಲ್ಲಿ ಯಾರ ಬೆರಳೂ ಬೇಯಬಾರದು. ಆದರೆ ಬಾರದ ಯಂತ್ರವನ್ನು ಮುಂದಿಟ್ಟುಕೊಂಡು ಹನ್ನೊಂದು ವರ್ಷ ಅವಳ ಕೂಲಿಯನ್ನು ಹಿಡಿದಿಟ್ಟರಲ್ಲ, ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಪತ್ರ ಬರೆದ ಅಮ್ಮನವರೇ, ಯಂತ್ರ ತರುತ್ತೀರೋ ಬಿಡುತ್ತೀರೋ ನಿಮ್ಮ ಇಷ್ಟ. ತರುವ ದಿನದವರೆಗೆ ಮಾತ್ರ ಪೂರ್ತಿ ಕೂಲಿ ಕೊಡಿ, ತರುವ ಮಾತನ್ನು ಆರು ತಿಂಗಳು ಮೊದಲೇ ಎಲ್ಲರನ್ನೂ ಕೂರಿಸಿಕೊಂಡು ಹೇಳಿ. ಶನಿವಾರ ಹೇಳಬೇಡಿ.
— ಶಿಕ್ಷಕಿ, ಚಿಂತಾಮಣಿ

ಈ ಪತ್ರವನ್ನು ಮೊಟಕುಗೊಳಿಸಲು ನಮಗೆ ಮನಸ್ಸಾಗಲಿಲ್ಲ. ತುಮಕೂರಿನಿಂದ ಬಂದ ಮುಂದಿನ ಪತ್ರ ಇದ್ದುದೇ ಇಷ್ಟು.

ಕನಿಷ್ಠ ವೇತನ ಕೊಡಬೇಕೇ ಎಂಬುದು ಸಮಸ್ಯೆಯಲ್ಲ, ಬಾಕಿ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಮೊದಲು ಬಾಕಿ ತೀರಿಸಿ, ಆಮೇಲೆ ಯಂತ್ರದ ಬಗ್ಗೆ ಸಲಹೆ ಕೇಳಿ.
— ವಕೀಲ, ತುಮಕೂರು

ಮಾತು ಬಿರುಸಾಗಿದೆ, ತಪ್ಪೆಂದು ಹೇಳಲು ನಮ್ಮಲ್ಲಿ ಕಾರಣವಿಲ್ಲ. ಆದರೂ ಅದೇ ಕಸುಬಿನಲ್ಲಿರುವವರು ಲೆಕ್ಕವನ್ನು ಹೇಗೆ ನೋಡುತ್ತಾರೆ ಎಂಬುದನ್ನು ಕೇಳಬೇಕು.

ನಾನೂ ರೀಲರ್, ಅಂದರೆ ಗೂಡು ಕೊಂಡು ನೂಲು ತೆಗೆಸುವವನು, ಮೂವತ್ತು ವರ್ಷದಿಂದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗಿದವನು. ಹೊರಗಿನವರಿಗೆ ನಮ್ಮ ಕಷ್ಟ ಸುಲಭವಾಗಿ ಅರ್ಥವಾಗುವುದಿಲ್ಲ. 2011ರ ಕೇಂದ್ರ ಬಜೆಟ್‌ನಲ್ಲಿ ಆಮದು ಕಚ್ಚಾ ರೇಷ್ಮೆಯ ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಚೀನಾದ ನೂಲು ಬಂದು ನಮ್ಮ ನೂಲಿನ ಬೆಲೆ ಕುಸಿದದ್ದನ್ನೂ, ರೈತರು ಬೀದಿಗಿಳಿದದ್ದನ್ನೂ ಕಣ್ಣಾರೆ ಕಂಡಿದ್ದೇನೆ. ಅಂಥ ಹೊಡೆತಗಳ ನಡುವೆ ಕೂಲಿ ಏರಿಸಿ ಎಂದಾಗ ಎದೆ ಧಸಕ್ಕೆನ್ನುವುದು ಸಹಜ.

ಆದರೆ ಎದೆಯ ಮಾತು ಬೇರೆ, ಪುಸ್ತಕದ ಲೆಕ್ಕ ಬೇರೆ. ನನ್ನ ಘಟಕದ ಖರ್ಚಿನಲ್ಲಿ 100 ರೂಪಾಯಿಗೆ 80ರ ಆಸುಪಾಸು ಗೂಡಿಗೇ ಹೋಗುತ್ತದೆ. ಕೂಲಿಗೆ ಹೋಗುವುದು 12. ಕೂಲಿಯನ್ನು ಕಾಲು ಭಾಗ ಏರಿಸಿದರೂ ಒಟ್ಟು ಖರ್ಚಿನಲ್ಲಿ ಏರುವುದು 3 ರೂಪಾಯಿ. ಅದೇ ಒಂದು ಕಿಲೋ ನೂಲಿಗೆ ಸುಮಾರು 7 ಕಿಲೋ ಗೂಡು ಬೇಕು. ಗೂಡಿನ ದರ ಕಿಲೋಗೆ 60 ರೂಪಾಯಿ ಏರಿದ ದಿನ ಒಂದು ಕಿಲೋ ನೂಲಿನ ಮೇಲೆ 420 ರೂಪಾಯಿ ಬೀಳುತ್ತದೆ. ಆ ದಿನ ನಾವು ಯಾರೂ ಘಟಕ ಮುಚ್ಚುವ ಮಾತಾಡುವುದಿಲ್ಲ, ಬೆಳಗ್ಗೆ ಎದ್ದು ಮತ್ತೆ ಮಾರುಕಟ್ಟೆಗೆ ಹೋಗುತ್ತೇವೆ. ಕೂಲಿ ಏರಿಸಿದರೆ ಮುಳುಗುತ್ತೇವೆ ಎಂದು ನಾನೂ ಬಹಳ ವರ್ಷ ಹೇಳಿದವನೇ. ಬರೆದು ಕೂಡಿಸಿ ನೋಡಿದ ಮೇಲೆ ಹೇಳುವುದನ್ನು ಬಿಟ್ಟೆ.

ಯಂತ್ರದ ವಿಷಯದಲ್ಲಿ ಸಹೋದರಿಗೆ ಒಂದು ಎಚ್ಚರಿಕೆ. ಅದು ಕೂಲಿ ಉಳಿಸುವ ಸಾಧನವೆಂದು ತರಬೇಡಿ. ಒಂದೇ ಸಮನಾದ, ಉದ್ದ ಎಳೆಯ ನೂಲು ತೆಗೆಯಲು ಅದು ಹುಟ್ಟಿದ್ದು. ಅದಕ್ಕೆ ಉದ್ದ, ಸಮ ಎಳೆ ಕೊಡುವ ದ್ವಿತಳಿ ಹುಳುವಿನ ಒಳ್ಳೆಯ ಗೂಡು ವರ್ಷವಿಡೀ ಸಿಗಬೇಕು, ನೀರು ಮೆದುವಾಗಿರಬೇಕು, ವಿದ್ಯುತ್ ಕೈಕೊಡಬಾರದು. ಕಂತು ಕಟ್ಟುತ್ತಾ ಗೂಡಿಲ್ಲದೆ ಯಂತ್ರ ನಿಲ್ಲಿಸಿಕೊಂಡ ಗೆಳೆಯರು ನನಗಿದ್ದಾರೆ. ಯಂತ್ರ ಬಂದರೂ ಗೂಡು ಆರಿಸುವವರು, ಬೇಯಿಸುವವರು, ಎಳೆ ನೋಡಿಕೊಳ್ಳುವವರು, ಮರುಸುತ್ತು ಮಾಡಿ ಲಡಿ ಕಟ್ಟುವವರು ಬೇಕೇ ಬೇಕು. ಗೂಡನ್ನು ಮುಟ್ಟಿದರೆ ಅದರ ಗುಣ ಹೇಳುವ ಕೈಗಳನ್ನು ಮನೆಗೆ ಕಳಿಸಿ, ಗೂಡು ಕಂಡರಿಯದ ಹುಡುಗರನ್ನು ಯಂತ್ರದ ಮುಂದೆ ನಿಲ್ಲಿಸುವುದು ವ್ಯಾಪಾರದ ದೃಷ್ಟಿಯಿಂದಲೂ ನಷ್ಟ.
— ರೀಲರ್, ಶಿಡ್ಲಘಟ್ಟ

ತುಮಕೂರಿನ ನಿವೃತ್ತ ಅರ್ಥಶಾಸ್ತ್ರ ಅಧ್ಯಾಪಕರ ಒಂಬತ್ತು ಪುಟಗಳಿಂದ ಪ್ರಶ್ನೆಗೆ ಹತ್ತಿರವಾದ ಭಾಗವನ್ನಷ್ಟೇ ಆರಿಸಿಕೊಂಡಿದ್ದೇವೆ. ಅವರ ಕ್ಷಮೆಯಿರಲಿ.

ಕನಿಷ್ಠ ವೇತನ ಏರಿದರೆ ಕೆಲಸ ಹೋಗುತ್ತದೆ ಎಂಬ ವಾದಕ್ಕೆ ಅಮೆರಿಕದಲ್ಲಿ ದೊಡ್ಡ ಇತಿಹಾಸವಿದೆ. 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರ್‌ನಿಂದ 5.05 ಡಾಲರ್‌ಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಹೋಲಿಸಿ, ಕೂಲಿ ಏರಿದ ಕಡೆ ಕೆಲಸ ಕಡಿಮೆಯಾಗಲಿಲ್ಲ ಎಂದು 1994ರಲ್ಲಿ ಬರೆದರು. ಆ ಮಾತನ್ನು ಒಪ್ಪದ ಅರ್ಥಶಾಸ್ತ್ರಜ್ಞರು ಇಂದಿಗೂ ಇದ್ದಾರೆ. ಗ್ರೇಸ್ ಲಾರ್ಡನ್ ಮತ್ತು ಡೇವಿಡ್ ನ್ಯೂಮಾರ್ಕ್ 2018ರಲ್ಲಿ ಪ್ರಕಟಿಸಿದ ಅಧ್ಯಯನವು, ಯಂತ್ರಕ್ಕೆ ಸುಲಭವಾಗಿ ಒಗ್ಗುವ ಕೆಲಸಗಳಲ್ಲಿ ಕಡಿಮೆ ಕೌಶಲದವರ ಪಾಲು ವೇತನ ಏರಿಕೆಯಿಂದ ಇಳಿಯುತ್ತದೆ ಎಂದು ತೋರಿಸಿತು. ಆದ್ದರಿಂದ ಭಯ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಆದರೆ ಅಲ್ಲಿ ಚರ್ಚೆ ನಡೆದದ್ದು ಈಗಾಗಲೇ ಕೈಗೆ ಬರುತ್ತಿದ್ದ ಕನಿಷ್ಠ ವೇತನವನ್ನು ಇನ್ನಷ್ಟು ಏರಿಸುವ ಬಗ್ಗೆ. ನಮ್ಮಲ್ಲಿ ಇರುವ ಮಿತಿಯೇ ಇನ್ನೂ ಕೈಗೆ ಬಂದಿಲ್ಲ. ಅಲ್ಲಿನ ವಾದವನ್ನು ಇಲ್ಲಿಗೆ ತಂದು, ಕೊಡದಿರುವುದಕ್ಕೆ ಅದನ್ನು ಸಮರ್ಥನೆ ಮಾಡಿಕೊಳ್ಳುವುದು ಶಾಸ್ತ್ರಕ್ಕೆ ಮಾಡುವ ಅನ್ಯಾಯ.
— ನಿವೃತ್ತ ಅಧ್ಯಾಪಕ, ತುಮಕೂರು

ಮಾಲೂರಿನ ಯುವಕರೊಬ್ಬರು ಬೇರೊಂದು ಕಡೆಯಿಂದ ನೋಡುತ್ತಾರೆ.

ನಾನು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ನೌಕರ. ನಮ್ಮ ಸಾಲಿನಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದ ಆರು ಮಂದಿಯ ಜಾಗಕ್ಕೆ ಈಗ ಯಂತ್ರದ ತೋಳು ಬಂದಿದೆ. ಆ ಕೆಲಸ ಸೊಂಟ ಮುರಿಯುವಂಥದ್ದು, ಹೋದದ್ದಕ್ಕೆ ನನಗೆ ದುಃಖವಿಲ್ಲ. ದುಃಖವೆಂದರೆ ನಮ್ಮ ಸಂಬಳ ಯಾರು ಕೊಡುತ್ತಾರೆ ಎಂಬುದೇ ನಮಗೆ ಗೊತ್ತಾಗುವುದಿಲ್ಲ. ಕಂಪನಿಯನ್ನು ಕೇಳಿದರೆ ಗುತ್ತಿಗೆದಾರರನ್ನು ಕೇಳಿ ಎನ್ನುತ್ತಾರೆ, ಗುತ್ತಿಗೆದಾರರನ್ನು ಕೇಳಿದರೆ ಬಿಲ್ಲು ಬಂದಿಲ್ಲ ಎನ್ನುತ್ತಾರೆ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಮೊಬೈಲ್ ಕಾರ್ಖಾನೆಯಲ್ಲಿ ಗಾಜು ಒಡೆದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದರು. ಹೇಳಿದ ಸಂಬಳ ಕೈಗೆ ಬರುತ್ತಿಲ್ಲ ಎಂಬ ದೂರು ಅದಕ್ಕೂ ಮೊದಲೇ ಇತ್ತು. ಒಡೆದದ್ದು ತಪ್ಪು. ದೂರನ್ನು ಆಗಲೇ ಕೇಳಿಸಿಕೊಂಡಿದ್ದರೆ ಏನಾಗುತ್ತಿತ್ತು ಎಂದು ನಾನು ಈಗಲೂ ಯೋಚಿಸುತ್ತೇನೆ. ಶಿಡ್ಲಘಟ್ಟದ ಅಮ್ಮ ತಮ್ಮ ಕೆಲಸಗಾರರ ಹೆಸರು ಹಿಡಿದು ಬರೆಯುತ್ತಾರೆ. ನಮ್ಮ ಮಾಲೀಕರಿಗೆ ನಮ್ಮ ಹೆಸರು ಗೊತ್ತಿಲ್ಲ.
— ಗುತ್ತಿಗೆ ನೌಕರ, ಮಾಲೂರು

ಇದು ಕೇಳಿದ ಪ್ರಶ್ನೆಗೆ ನೇರ ಉತ್ತರವಲ್ಲವಾದರೂ ಬಿಡುವಂತಿರಲಿಲ್ಲ. ಕೋಲಾರದಿಂದ ಬಂದ ಎರಡು ಪತ್ರಗಳು ಲೆಕ್ಕಾಚಾರದವು. ಒಂದು ಚಿಕ್ಕದು, ಇನ್ನೊಂದು ಉಪಯುಕ್ತ ವಿವರಗಳುಳ್ಳದ್ದು.

ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ನನ್ನ ತಂದೆ ಅಲ್ಲಿ ಭೂಗತ ಕಾರ್ಮಿಕರಾಗಿದ್ದರು. ಅಲ್ಲಿ ಯಾವ ಯಂತ್ರವೂ ಕೆಲಸ ಕಸಿಯಲಿಲ್ಲ, ಆದರೂ ಕೆಲಸ ಹೋಯಿತು. ಬರಬೇಕಾದ ಹಣಕ್ಕಾಗಿ ಅಲೆದ ವರ್ಷಗಳು ಕೆಲಸ ಹೋದದ್ದಕ್ಕಿಂತ ಹೆಚ್ಚು ಅವರನ್ನು ಸವೆಸಿದವು. ಕೊಡುವುದನ್ನು ಕಳಿಸುವ ಮುನ್ನ ಕೊಡಿ.
— ರಾಬರ್ಟ್‌ಸನ್‌ಪೇಟೆ

ನಾನು ಕಾರ್ಮಿಕ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಕನಿಷ್ಠ ವೇತನವೆಂದರೆ ಯಾರೋ ಮನಸ್ಸಿಗೆ ಬಂದಂತೆ ಬರೆದ ಅಂಕಿಯಲ್ಲ. 1957ರ ಭಾರತೀಯ ಕಾರ್ಮಿಕ ಸಮ್ಮೇಳನವು ದುಡಿಯುವ ಒಬ್ಬರಿಗೆ ಮೂರು ಬಳಕೆ ಘಟಕಗಳ (ದೊಡ್ಡವರೊಬ್ಬರ ಬಳಕೆಯೇ ಒಂದು ಘಟಕ) ಕುಟುಂಬವೆಂದು ಲೆಕ್ಕ ಹಿಡಿದು, ತಲಾ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು ಮತ್ತು ದೀಪದ ಖರ್ಚು ಎಂದು ಒಂದೊಂದಾಗಿ ಕೂಡಿಸಿತು. ಮಕ್ಕಳ ಓದು, ಔಷಧೋಪಚಾರ, ಮುಪ್ಪಿನ ಕಾಲದ ಅಗತ್ಯಗಳಿಗೆಂದು ಇನ್ನೂ ಶೇ 25 ಸೇರಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ಅದಕ್ಕಿಂತ ಕಡಿಮೆ ಕೊಟ್ಟಾಗ ಏನು ಕತ್ತರಿಸುತ್ತಿದ್ದೇವೆ ಎಂಬುದನ್ನು ಈ ಪಟ್ಟಿ ಎದುರಿಗಿಟ್ಟುಕೊಂಡು ನೋಡಬೇಕು. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದ್ದು, ಕನಿಷ್ಠ ವೇತನದ ಹಕ್ಕು ಈಗ ಸರ್ಕಾರ ಪಟ್ಟಿ ಮಾಡಿದ ಉದ್ಯೋಗಗಳಿಗಷ್ಟೇ ಸೀಮಿತವಲ್ಲ.

ಇನ್ನು 19 ವರ್ಷ ದುಡಿದ ಹೆಂಗಸಿನ ಮಾತು. ಯಂತ್ರ ತಂದು ಅವರನ್ನು ಕೆಲಸದಿಂದ ಬಿಡಿಸುವುದೇ ಆದರೆ ಒಂದು ತಿಂಗಳ ನೋಟಿಸು ಅಥವಾ ಅಷ್ಟು ಸಂಬಳ ಕೊಡಬೇಕು, ದುಡಿದ ಪ್ರತಿ ವರ್ಷಕ್ಕೆ 15 ದಿನದಂತೆ 285 ದಿನಗಳ ವೇತನ ಪರಿಹಾರವಾಗಿ ಕೊಡಬೇಕು, ಇದಲ್ಲದೆ ಗ್ರಾಚ್ಯುಟಿ ಬೇರೆ. ಇದನ್ನು ಈಗ ಕೊಡುತ್ತಿರುವ ಕೂಲಿಯ ಮೇಲಲ್ಲ, ಕೊಡಬೇಕಾಗಿದ್ದ ಕೂಲಿಯ ಮೇಲೆ ಲೆಕ್ಕ ಹಾಕುವುದೇ ನ್ಯಾಯ. ಯಂತ್ರದ ಬೆಲೆ ಕೇಳುವಾಗ ಈ ಮೊತ್ತವನ್ನೂ ಅದರ ಬೆಲೆಯಲ್ಲಿ ಸೇರಿಸಿಕೊಳ್ಳಿ.
— ನಿವೃತ್ತ ನೌಕರ, ಕೋಲಾರ

ಕೊನೆಯ ಪತ್ರ ಶಿಡ್ಲಘಟ್ಟದ ಇನ್ನೊಂದು ಘಟಕದಲ್ಲಿ ನೂಲು ಬಿಚ್ಚುವ ಮಹಿಳೆಯದು. ಅವರು ಹೇಳಿದ್ದನ್ನು ಪಿಯುಸಿ ಓದುತ್ತಿರುವ ಮಗಳು ಬರೆದು ಕಳಿಸಿದ್ದಾಳೆ. ನಾವು ಒಂದಕ್ಷರವನ್ನೂ ತಿದ್ದಿಲ್ಲ.

ನಮ್ಮ ಘಟಕಕ್ಕೂ ಯಂತ್ರ ಬರುತ್ತದೆ ಎಂದು ಹೇಳುತ್ತಿದ್ದಾರೆ. ಬರಲಿ. ನನಗೆ ಈಗ 41 ವರ್ಷ, ಕಣ್ಣು ಚೆನ್ನಾಗಿದೆ. ಗೂಡು ಎಷ್ಟು ಹೊತ್ತು ಬೇಯಬೇಕು ಎಂಬುದು ಅದರ ಬಣ್ಣ ನೋಡಿದರೆ ನನಗೆ ತಿಳಿಯುತ್ತದೆ. ಪತ್ರ ಬರೆದಿರುವ ಅಮ್ಮ ಯಂತ್ರ ತಂದರೆ, ಅದನ್ನು ಕಲಿಸುವವರು ಬಂದಾಗ ಆ ಹತ್ತೊಂಬತ್ತು ವರ್ಷದ ಅಕ್ಕನನ್ನೂ ಕಲಿಯಲು ಕೂರಿಸುತ್ತಾರೆಯೇ ಎಂದು ಕೇಳಿ ಹೇಳಿ. ಕಲಿಯುವ ದಿನಗಳಿಗೂ ಕೂಲಿ ಹಾಕುತ್ತಾರೆಯೇ ಎಂಬುದನ್ನೂ ಕೇಳಿ.